ತಪ್ಪು ತಿಂದವರು

ಕ್ರೀಮಣ್ಣನ ಕಷ್ಟಗಳಿಗೆಲ್ಲ ಕಾರಣ ಇಂಗ್ಲಿಷಿನ ಎಸ್ ಅಕ್ಷರ. ಅದು ನೋಡಲು ಚೆಂದ, ಬರೆಯಲು ಇನ್ನೂ ಚೆಂದ. ಕ್ರೀಮು ತುಂಬಿದ ಕೊಳವೆ ಹಿಡಿದು ಕೈಯನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಬಳುಕಿಸಿದರೆ ಸಾಕು, ಎಸ್ ತಾನಾಗಿ ಕೇಕಿನ ಮೇಲೆ ಮಲಗಿಬಿಡುತ್ತಿತ್ತು. ಅವನು, ಅವಳು ಎಂದು ಶುರುವಾಗುವ ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದಕ್ಕೆ ಎಸ್ ಎಂಬ ಬಾಲ ಇರಬೇಕು ಎಂದು ಯಾರೋ ಎಂದೋ ಹೇಳಿದ್ದನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಆ ಎಸ್ ಕೆಲವು ಕಡೆ ಇ ಅಕ್ಷರವನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ, ಇನ್ನು ಕೆಲವು ಕಡೆ ಮೊದಲೇ ಮನೆಯಲ್ಲಿದ್ದ ವೈಯನ್ನು ಹೊರಗೆ ಹಾಕಿ ಅಲ್ಲಿ ಐಯನ್ನು ಕೂರಿಸುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳಿಸಿಕೊಳ್ಳುತ್ತಿದ್ದನೆಂದು ನನಗೇನೂ ನಂಬಿಕೆಯಿಲ್ಲ.

ಬೇಕರಿಯಲ್ಲಿ ಕೇಕಿನ ಮೇಲೆ ಅಕ್ಷರ ಬರೆಯುವುದು ಅವನ ಕೆಲಸ. ಹಾಗಾಗಿ ಬೀದಿಯವರೆಲ್ಲ ಅವನನ್ನು ಕ್ರೀಮಣ್ಣ ಎನ್ನುತ್ತಿದ್ದರು. ಹೋದ ತಿಂಗಳು ವಿಮಾನದ ಪೈಲಟ್ ಒಬ್ಬರ ಹುಟ್ಟುಹಬ್ಬಕ್ಕೆ, ಅವರು ಹಾರುತ್ತಾರೆ ಎಂಬ ಅರ್ಥದ ಸಾಲೊಂದನ್ನು ಬರೆಯಬೇಕಾಗಿ ಬಂತು. ಕ್ರೀಮಣ್ಣ ಫ್ಲೈ ಎಂದು ಬರೆದು, ಅದರ ವೈ ಅಕ್ಷರದ ಗೊಡವೆಗೆ ಹೋಗದೆ, ಪಕ್ಕದಲ್ಲಿ ಒಂದು ಎಸ್ ಅಂಟಿಸಿ ಕಳಿಸಿಬಿಟ್ಟ. ಪೈಲಟ್‌ನ ತಂಗಿ ಅದರ ಫೋಟೊ ತೆಗೆದು ಊರಿಗೆಲ್ಲ ಹಂಚಿದಳು. ಒಂದು ವಾರ ಜನ ಬೇಕರಿಯ ಮುಂದೆ ನಿಂತು ಬೋರ್ಡು ನೋಡಿ ನಕ್ಕು, ಏನೂ ಕೊಳ್ಳದೆ ಮುಂದೆ ಹೋದರು.

ಯಜಮಾನರು ಅಂದೇ ತೀರ್ಪು ಕೊಟ್ಟರು. "ಇನ್ನೊಂದೇ ಒಂದು ತಪ್ಪು ಬಂತು ಅಂತ ಗಿರಾಕಿ ಬಾಯಿಂದ ಕೇಳಿದ್ರೆ, ನೀನು ಭಟ್ಟಿಗೆ. ಭಟ್ಟಿಯವನು ನಿನ್ನ ಜಾಗಕ್ಕೆ."

ಭಟ್ಟಿ ಎಂದರೆ ಅಂಗಡಿಯ ಹಿಂದಿನ ಕತ್ತಲೆ ಕೋಣೆ. ಬ್ರೆಡ್ಡು ಬೇಯುವುದು ಅಲ್ಲಿ, ಜೊತೆಗೆ ಮನುಷ್ಯನೂ ಬೇಯುತ್ತಾನೆ. ಕ್ರೀಮಣ್ಣ ಅಲ್ಲಿ ಬಹಳ ವರ್ಷ ಬೆಂದು, ಹುಬ್ಬಿನ ಕೂದಲನ್ನೆಲ್ಲ ಬೆಂಕಿಗೆ ಕೊಟ್ಟು, ಕೊನೆಗೆ ಮುಂದಿನ ಕಿಟಕಿಯ ಪಕ್ಕದ ಮೇಜಿಗೆ ಬಂದಿದ್ದ. ಅಲ್ಲಿ ಫ್ಯಾನಿತ್ತು, ಬೆಳಕಿತ್ತು, ಹೋಗುವ ಬರುವ ಜನ ಗಾಜಿನಾಚೆ ನಿಂತು ಅವನ ಕೈಚಳಕ ನೋಡುತ್ತಿದ್ದರು. ಹೆಂಡತಿ ತನ್ನ ತವರಿನಲ್ಲಿ ಗಂಡ ಕಲಾವಿದ ಎಂದು ಹೇಳಿಕೊಂಡಿದ್ದಳು. ಹುಬ್ಬು ಕೂಡ ಮತ್ತೆ ಬೆಳೆದಿತ್ತು. ಇಷ್ಟನ್ನೂ ಒಂದು ಅಕ್ಷರಕ್ಕಾಗಿ ಕಳೆದುಕೊಳ್ಳುವುದೆಂದರೆ ಅವನಿಗೆ ನೆನೆಸಿಕೊಂಡರೇ ಬೆವರು ಬರುತ್ತಿತ್ತು.

ಹೀಗಿರುವಾಗ ಆ ದಿನ ಬೆಳಿಗ್ಗೆ ಶಾಲೆಯ ಹೆಡ್‌ಮಾಸ್ಟರು ಬಂದರು. ಅವರ ಶಾಲೆಯ ಇಂಗ್ಲಿಷ್ ಮೇಡಂ ಅಂದು ನಿವೃತ್ತರಾಗುವವರಿದ್ದರು. ಸಂಜೆಯ ಸಮಾರಂಭಕ್ಕೆ ಒಂದು ದೊಡ್ಡ ಕೇಕು ಬೇಕಿತ್ತು.

"ನಾಲ್ಕು ಸಾಲು ಬರೀಬೇಕು," ಎಂದು ಹೆಡ್‌ಮಾಸ್ಟರು ಬಾಯಲ್ಲೇ ಹೇಳಿದರು. "ಶಿ ಟೀಚಸ್. ಶಿ ವಾಚಸ್. ಶಿ ವರೀಸ್. ಶಿ ನೆವರ್ ಕ್ರೈಸ್. ಅವರು ಕಲಿಸ್ತಾರೆ, ಕಣ್ಣಿಡ್ತಾರೆ, ನಮಗೋಸ್ಕರ ಚಿಂತೆ ಮಾಡ್ತಾರೆ, ಆದ್ರೆ ಯಾವತ್ತೂ ಅಳಲ್ಲ. ಅವರು ಅತ್ತಿದ್ದನ್ನ ನಮ್ಮ ಶಾಲೇಲಿ ಯಾರೂ ನೋಡಿಲ್ಲ. ನಾವು ಅತ್ತಿದ್ದನ್ನ ಅವರು ದಿನಾ ನೋಡಿದ್ದಾರೆ."

"ಸ್ಪೆಲ್ಲಿಂಗ್ ಸ್ವಲ್ಪ ಬರೆದುಕೊಟ್ರೆ..." ಎಂದು ಕ್ರೀಮಣ್ಣ ರಾಗ ಎಳೆದ.

"ಛೇ, ಬೇಡಪ್ಪ. ನೀನು ಹೇಗೆ ಬರೀತೀಯೋ ಹಾಗೇ ಬರಿ. ಆ ಪೈಲಟ್ ಕೇಕು ಬರೆದೋನು ನೀನೇ ತಾನೇ? ನಿನ್ನ ಕೈಯಿಂದಲೇ ಆಗ್ಬೇಕು, ಬೇರೆಯವರು ಮುಟ್ಟೋದು ಬೇಡ. ಮತ್ತೆ ಕೆಂಪು ಕ್ರೀಮಿನ ಕೊಳವೆ ಒಂದನ್ನ ಜೊತೆಗೆ ಕಳಿಸು."

ಕ್ರೀಮಣ್ಣನ ಎದೆ ಉಬ್ಬಿತು. ಪೈಲಟ್ ಕೇಕಿನ ಬಗ್ಗೆ ನಗದೆ ಮಾತಾಡಿದ ಮೊದಲ ಮನುಷ್ಯ ಇವರು. ಕೆಂಪು ಕ್ರೀಮು ಯಾಕೆಂದು ಕೇಳಲು ಅವನಿಗೆ ಹೊಳೆಯಲಿಲ್ಲ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಯಜಮಾನರು ಹಿಟ್ಟಿನ ಗಿರಣಿಗೆ ಹೊರಡುತ್ತ, "ಇಂಗ್ಲಿಷ್ ಮೇಡಂಗೆ ಕೇಕು. ಭಟ್ಟಿ ನೆನಪಿರ್ಲಿ," ಎಂದಷ್ಟೇ ಹೇಳಿ ಗಾಡಿ ಹತ್ತಿದರು. ಅವರು ಮರಳುವುದು ಸಂಜೆಗೆ.

ಇಲ್ಲಿ ಆ ಬೇಕರಿಯ ಒಂದು ಪದ್ಧತಿಯ ವಿಷಯ ಹೇಳಬೇಕು. ಕೇಕಿನ ಮೇಲೆ ತಪ್ಪು ಬಿದ್ದರೆ ಆ ಅಕ್ಷರವನ್ನು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ ತೆಗೆಯಬೇಕಾಗುತ್ತದೆ. ಹಾಗೆ ತೆಗೆದ ಕ್ರೀಮನ್ನು ಚೆಲ್ಲಬಾರದು, ತಪ್ಪನ್ನು ಯಾರು ಕಂಡುಹಿಡಿದರೋ ಅವರಿಗೇ ತಿನ್ನಲು ಕೊಡಬೇಕು ಎಂದು ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಯಜಮಾನರ ಅತ್ತೆ ಕಾನೂನು ಮಾಡಿದ್ದರು. ನಾಲ್ಕು ಕಣ್ಣು ನೋಡಿದರೆ ತಪ್ಪು ಹೊರಗೆ ಹೋಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಅತ್ತೆಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಮನೆಯಲ್ಲಿ ಸಿಹಿಗೆ ಕಡಿವಾಣ ಬಿದ್ದಿತ್ತು ಎಂಬುದನ್ನು ಹೇಳಿದರೆ ಕಾನೂನಿನ ಹುಟ್ಟು ಇನ್ನಷ್ಟು ಸ್ಪಷ್ಟವಾಗುತ್ತದೆ.

ಕ್ರೀಮಣ್ಣ ದೇವರನ್ನು ನೆನೆದು ಮೊದಲ ಸಾಲು ಬರೆದ. ಟೀಚ್ ಮುಗಿದ ಕೂಡಲೇ ಕೈ ಅಭ್ಯಾಸದಂತೆ ಬಳುಕಿತು, ಎಸ್ ಮಲಗಿತು. ಅಷ್ಟರಲ್ಲಿ ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಕಾಫಿಗೆಂದು ಇಳಿದು ಬಂದವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ತಪ್ಪು," ಎಂದರು ಡಾಕ್ಟರು. "ಟೀಚ್, ವಾಚ್ ಇಂಥವು ಸಿ-ಎಚ್‌ನಲ್ಲಿ ಮುಗೀತವೆ. ಅಲ್ಲಿ ಬರೀ ಎಸ್ ನಿಲ್ಲಲ್ಲ. ಇ-ಎಸ್ ಬರಬೇಕು."

ಕ್ರೀಮಣ್ಣ ಎಸ್ ಅನ್ನು ಚಾಕುವಿನ ತುದಿಯಲ್ಲಿ ಎತ್ತಿ ಕೊಟ್ಟ. ಊರಿನವರಿಗೆಲ್ಲ ಸಿಹಿ ಮುಟ್ಟಬೇಡಿ ಎಂದು ಹೇಳುವ ಡಾಕ್ಟರು ಅದನ್ನು ಕಣ್ಣು ಮುಚ್ಚಿ ಚಪ್ಪರಿಸಿದರು. ಆಮೇಲೆ ಮಿಕ್ಕ ಸಾಲುಗಳ ಕಡೆ ಆಸೆಯಿಂದ ನೋಡಿದರು. "ಬರಿ, ಬರಿ. ಹೆದರಬೇಡ. ನಾನಿದ್ದೀನಿ."

ಇ-ಎಸ್ ಬರೆದಾಯಿತು. ಡಾಕ್ಟರಿಗೆ ಮೇಲಿನಿಂದ ಕರೆ ಬಂತು, ಯಾರದೋ ಬಾಯಿ ತೆರೆದೇ ಬಿಟ್ಟು ಬಂದಿದ್ದರು. ಅವರು ಮೆಟ್ಟಿಲು ಹತ್ತುತ್ತಿದ್ದಂತೆ ಪಕ್ಕದ ಅಂಗಡಿಯ ದರ್ಜಿ ಬಂದ. ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಗುಂಡುಸೂಜಿ. ಡಾಕ್ಟರು ತುಟಿ ಒರೆಸಿಕೊಂಡು ಹೋದದ್ದನ್ನು ಅವನು ಕಿಟಕಿಯಿಂದಲೇ ನೋಡಿದ್ದ.

"ಇದೇನು ಮಧ್ಯದಲ್ಲಿ ಇ?" ಎಂದ ದರ್ಜಿ, ಸೂಜಿ ತೆಗೆದು ಕಾಲರಿಗೆ ಚುಚ್ಚಿಕೊಳ್ಳುತ್ತ. "ಸುಮ್ನೆ ಬಟ್ಟೆ ಜಾಸ್ತಿ ಹಿಡಿದ ಹಾಗಿದೆ. ಒಬ್ಬಳು ಹೆಂಗಸು, ಒಂದು ಎಸ್. ಇ ತಪ್ಪು."

"ಡಾಕ್ಟ್ರು ಹೇಳಿದ್ರು."

"ಅವರು ಹಲ್ಲಿನ ಡಾಕ್ಟ್ರು. ನನ್ನ ಅಂಗಡಿಗೆ ಇಂಗ್ಲಿಷ್ ಸೂಟು ಹೊಲಿಸೋಕೆ ಜನ ಬರ್ತಾರೆ."

ಕ್ರೀಮಣ್ಣ ಮತ್ತೆ ಚಾಕು ಹಿಡಿದ. ಇ ಕಿತ್ತು ಬಂತು. ದರ್ಜಿ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು, "ಎಸ್ ಕೂಡ ಸ್ವಲ್ಪ ಸಡಿಲ ಇದೆ, ಹೊಸದು ಹಾಕು," ಎಂದು ಅದನ್ನೂ ತಿಂದ.

ಗಲ್ಲಾಪೆಟ್ಟಿಗೆಯಿಂದ ಅತ್ತೆಮ್ಮ ಎದ್ದು ಬಂದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದರಿಂದ ಅವರಿಗೇನೂ ತೊಂದರೆಯಾಗಲಿಲ್ಲ. "ಅದೋ ಆ ಅಕ್ಷರ ಕುಡಿದವನ ಹಾಗೆ ವಾಲಿದೆ. ಇದು ಪಕ್ಕದವಳ ಮೇಲೆ ಬೀಳ್ತಾ ಇದೆ. ತಪ್ಪಲ್ವಾ?" ಎಂದು ಬೆರಳು ತೋರಿಸಿದರು.

"ಅತ್ತೆಮ್ಮ, ನಿಮಗೆ ಸಕ್ಕರೆ..."

"ತಪ್ಪಿನಲ್ಲಿ ಎಷ್ಟು ಸಕ್ಕರೆ ಇರುತ್ತಪ್ಪ. ಕೊಡು."

ಅಷ್ಟು ಹೊತ್ತಿಗೆ ಡಾಕ್ಟರು ಮತ್ತೆ ಇಳಿದರು. ತಾವು ಹೇಳಿದ ಇ ಮಾಯವಾಗಿದ್ದನ್ನು ಕಂಡು ಅವರಿಗೆ ಕೋಪ ಬಂತು. ಕೋಪದಲ್ಲಿ ಎರಡು ಎಸ್ ತಿಂದರು. ವರಿ ಎಂದು ಬರೆದು ಎಸ್ ಹಾಕಿದ್ದಕ್ಕೆ, "ವೈ ತೆಗಿ, ಐ-ಇ-ಎಸ್ ಹಾಕು," ಎಂದು ವೈ ತಿಂದರು. ದರ್ಜಿ, "ಪ್ಲೇ ಅನ್ನೋದಕ್ಕೆ ವೈ ಹಾಗೇ ಇದ್ದು ಎಸ್ ಬರಲ್ವಾ? ನನ್ನ ಅಂಗಡಿ ಗೋಡೆಗೆ ಫುಟ್‌ಬಾಲ್ ಆಟಗಾರನ ಚಿತ್ರ ಅಂಟಿಸಿದ್ದೀನಿ, ಅದ್ರ ಕೆಳಗೇ ಬರೆದಿದೆ, ನಾನೇ ನೋಡಿದ್ದೀನಿ," ಎಂದು ವಾದಿಸಿ ಐಯನ್ನೂ ಇಯನ್ನೂ ತಿಂದ. ಇಬ್ಬರ ಮಾತೂ ಖಂಡಿತವಾಗಿತ್ತು, ಇಬ್ಬರ ಮೂಗಿನ ತುದಿಯಲ್ಲೂ ಕ್ರೀಮಿತ್ತು.

ಸುದ್ದಿ ಬೀದಿಯ ತುದಿ ಮುಟ್ಟಿತು. ಬೇಕರಿಯಲ್ಲಿ ತಪ್ಪು ಕಂಡುಹಿಡಿದವರಿಗೆ ಪುಕ್ಕಟೆ ಕ್ರೀಮು ಸಿಗುತ್ತದಂತೆ ಎಂದು ಕೇಳಿದ ಮೇಲೆ ಮನೆಯಲ್ಲಿ ಯಾರು ಕೂರುತ್ತಾರೆ? ಬೀಗ ರಿಪೇರಿಯವನು ಬಂದ, ಔಷಧಿ ಅಂಗಡಿಯಾಕೆ ಬಂದಳು, ಒಬ್ಬ ಅಂಚೆಯವನು ಚೀಲ ಸಮೇತ ಬಂದ. ಇವರಲ್ಲಿ ಇಷ್ಟು ಜನ ಇಂಗ್ಲಿಷ್ ಪಂಡಿತರು ಅಡಗಿದ್ದಾರೆಂದು ಆ ಬೀದಿಗೇ ಗೊತ್ತಿರಲಿಲ್ಲ. ಇ ಇದ್ದರೆ ಯಾಕಿದೆ ಎಂದರು, ತೆಗೆದರೆ ಎಲ್ಲಿ ಹೋಯಿತು ಎಂದರು. ಬೀಗದವನು ಶಿ ಎಂಬುದಕ್ಕೂ ಒಂದು ಎಸ್ ಬೇಕಲ್ಲ ಎಂದು ಕೇಳಿ, ಅದರಲ್ಲಿ ಆಗಲೇ ಒಂದಿದೆ ಎಂದು ತೋರಿಸಿದಾಗ, ಹಾಗಾದರೆ ಅದು ತಪ್ಪು ಜಾಗದಲ್ಲಿದೆ ಎಂದು ಕೈ ಚಾಚಿದ.

ಕೊನೆಯ ಸಾಲಿನ ನೆವರ್ ಒಂದನ್ನು ಮಾತ್ರ ಯಾರಿಗೂ ಏನೂ ಮಾಡಲಾಗಲಿಲ್ಲ. ಔಷಧಿ ಅಂಗಡಿಯಾಕೆ ಅದನ್ನು ತಲೆಕೆಳಗಾಗಿ ನೋಡಿದಳು. ಅಂಚೆಯವನು ಕೈಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದ. ತಪ್ಪು ಸಿಗಲಿಲ್ಲ. ಬೆಳಿಗ್ಗೆ ಬರೆದ ನೆವರ್ ಹಾಗೇ ಉಳಿಯಿತು, ಸುತ್ತಲಿನದೆಲ್ಲ ಯಾರ ಯಾರ ಹೊಟ್ಟೆಗೋ ಹೋಯಿತು.

ಪ್ರತಿ ಅಕ್ಷರದ ಜೊತೆ ಅಡಿಯ ಬಿಳಿ ಕ್ರೀಮೂ ಒಂದಿಷ್ಟು ಎದ್ದು ಬರುತ್ತಿತ್ತು. ಮಧ್ಯಾಹ್ನ ದಾಟುವ ಹೊತ್ತಿಗೆ ಕೇಕು ಸುಣ್ಣ ಉದುರಿದ ಹಳೆಯ ಗೋಡೆಯಂತಾಗಿ ಒಳಗಿನ ಕಂದು ಕಾಣತೊಡಗಿತು. ಕ್ರೀಮಣ್ಣ ಗಾರೆ ಕೆಲಸದವನಂತೆ ಬಳಿದ, ಕೆರೆದ, ಮತ್ತೆ ಬಳಿದ. ಭಟ್ಟಿಯವನು ಬಾಗಿಲಿನಿಂದ ಇಣುಕಿ, ಕಿಟಕಿ ಪಕ್ಕದ ಮೇಜನ್ನೂ ಮೇಲಿನ ಫ್ಯಾನನ್ನೂ ಅಳೆಯುವವನ ಹಾಗೆ ನೋಡಿ, "ಆ ಫ್ಯಾನು ಜೋರಾಗಿ ತಿರುಗುತ್ತಾ?" ಎಂದು ಕೇಳಿದ.

ಕ್ರೀಮಣ್ಣ ಚಾಕು ಕೆಳಗಿಟ್ಟ. ಸುತ್ತಲೂ ನೋಡಿದ. ಎಲ್ಲರ ಕಣ್ಣೂ ಕೇಕಿನ ಮೇಲಿತ್ತು, ಒಬ್ಬರ ಕಣ್ಣೂ ಇಂಗ್ಲಿಷಿನ ಮೇಲಿರಲಿಲ್ಲ. ಆಗ ಅವನಿಗೆ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಉಪಾಯ ಹೊಳೆಯಿತು. ದೊಡ್ಡ ತಟ್ಟೆಯೊಂದನ್ನು ತಂದು ಅದರ ತುಂಬ ಎಸ್, ಇ, ಐ, ವೈ ಎಂದು ಕೈಗೆ ಬಂದ ಅಕ್ಷರಗಳನ್ನೆಲ್ಲ ದಪ್ಪ ದಪ್ಪವಾಗಿ ಬರೆದು ಸಾಲಾಗಿ ಪೇರಿಸಿದ. ತಟ್ಟೆಯನ್ನು ನಡುವೆ ಇಟ್ಟು ಕೈಮುಗಿದ.

"ಇದೆಲ್ಲ ನಿಮಗೇ. ತಪ್ಪು ಹುಡುಕಬೇಕಾಗಿಲ್ಲ, ಹೊಟ್ಟೆ ತುಂಬ ತಿನ್ನಿ. ಆಮೇಲೆ ನನಗೊಂದು ಮಾತು ಹೇಳಿ."

ಅವರು ತಿಂದರು. ಅತ್ತೆಮ್ಮ ಉಳಿದವರಿಗಿಂತ ಸ್ವಲ್ಪ ಬೇಗ ಬೇಗ ತಿಂದರು. ಅಂಚೆಯವನು ವೈ ಸಾಕು ಎಂದ. ದರ್ಜಿ ಸೊಂಟದ ಪಟ್ಟಿ ಸಡಿಲ ಮಾಡಿಕೊಂಡ. ಡಾಕ್ಟರು ಹಲ್ಲಿನ ಸಂದಿಯನ್ನು ನಾಲಿಗೆಯಿಂದ ತಡಕುತ್ತ ಕುರ್ಚಿಗೆ ಒರಗಿದರು.

"ಈಗ ಹೇಳಿ," ಎಂದ ಕ್ರೀಮಣ್ಣ. "ನಿಜವಾಗ್ಲೂ ಯಾವುದು ಸರಿ?"

ಯಾರಿಗೂ ಈಗ ಜಗಳವಾಡುವ ಶಕ್ತಿ ಇರಲಿಲ್ಲ. "ಡಾಕ್ಟ್ರು ಹೇಳಿದ್ದೇ ಸರಿ," ಎಂದ ದರ್ಜಿ ತೇಗುತ್ತ. "ಟೀಚ್, ವಾಚ್‌ಗೆ ಇ-ಎಸ್. ಗೊತ್ತಿತ್ತು ನಂಗೆ."

"ವರಿ, ಕ್ರೈಗೆ ವೈ ಹೋಗಿ ಐ-ಇ-ಎಸ್," ಎಂದಳು ಔಷಧಿ ಅಂಗಡಿಯಾಕೆ. "ಪ್ಲೇ ಬೇರೆ, ಅದರಲ್ಲಿ ವೈ ಹಿಂದೆ ಎ ಇದೆ, ಅದಕ್ಕೆ ವೈ ಉಳ್ಕೊಳ್ಳುತ್ತೆ. ಶಾಲೇಲಿ ಓದಿದ್ದೀವಲ್ಲ ಎಲ್ರೂ."

"ಹಾಗಾದ್ರೆ ಬೆಳಿಗ್ಗೆಯಿಂದ ಯಾಕೆ..."

"ಬೆಳಿಗ್ಗೆ ನಾಷ್ಟಾ ಆಗಿರ್ಲಿಲ್ಲ," ಎಂದ ಬೀಗದವನು.

ಕ್ರೀಮಣ್ಣ ಕೊಳವೆ ಎತ್ತಿಕೊಂಡ. ಉಳಿದ ಕ್ರೀಮನ್ನೆಲ್ಲ ಬಳಿದು, ಉಸಿರು ಹಿಡಿದು, ಒಂದೊಂದೇ ಅಕ್ಷರ ಬರೆದ. ಮುಗಿದ ಮೇಲೆ ಎಲ್ಲರೂ ಸುತ್ತ ನಿಂತು ಓದಿದರು, ಒಬ್ಬರೂ ಬೆರಳು ಎತ್ತಲಿಲ್ಲ. ಅವನ ಕಣ್ಣು ತೇವವಾಯಿತು. ಕೇಕನ್ನು ಪೆಟ್ಟಿಗೆಗೆ ಇಳಿಸಿ, ಕೆಂಪು ಕೊಳವೆಯ ಜೊತೆ ಬರೆಯುವ ಕೊಳವೆಯನ್ನೂ ಚಾಕುವನ್ನೂ ಜೇಬಿಗೆ ಸಿಕ್ಕಿಸಿ, ಬಾಡಿಗೆ ಗಾಡಿಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಾಲೆಗೆ ಹೊರಟ. ಗಾಡಿ ಕುಲುಕಿದಾಗಲೆಲ್ಲ ಅವನ ಜೀವವೂ ಕುಲುಕಿತು.

ಶಾಲೆಯ ಸಭಾಂಗಣದ ಪಕ್ಕದ ಕೋಣೆಯಲ್ಲಿ ಹೆಡ್‌ಮಾಸ್ಟರು ಪೆಟ್ಟಿಗೆಯ ಮುಚ್ಚಳ ತೆಗೆದರು. ನಗುತ್ತಲೇ ಓದಲು ಶುರುಮಾಡಿದರು. ಎರಡನೆಯ ಸಾಲಿಗೆ ನಗು ನಿಂತಿತು, ನಾಲ್ಕನೆಯ ಸಾಲಿಗೆ ಮುಖ ಬಾಡಿತು.

"ತಪ್ಪೆಲ್ಲಪ್ಪ?" ಎಂದರು.

"ಒಂದೂ ಇಲ್ಲ ಸಾರ್," ಎಂದ ಕ್ರೀಮಣ್ಣ ಹೆಮ್ಮೆಯಿಂದ.

"ಅಯ್ಯೋ ಪುಣ್ಯಾತ್ಮ, ಊರಲ್ಲಿ ಬೇರೆ ಬೇಕರಿ ಇಲ್ಲ ಅಂತ ನಿನ್ನ ಹತ್ರ ಬಂದ್ನಾ? ಪೈಲಟ್ ಕೇಕಿನ ಫೋಟೊ ನೋಡಿ ಮೇಡಂ ವಾರವೆಲ್ಲ ನಕ್ಕಿದ್ರು. ಕೆಂಪು ಪೆನ್ನು ಸಿಕ್ಕಿದ್ರೆ ಆ ಕೇಕನ್ನೇ ತಿದ್ತಿದ್ದೆ ಅಂದಿದ್ರು. ಅದಕ್ಕೇ ತಪ್ಪಿರೋ ಕೇಕು ಮಾಡ್ಸಿ, ಕೆಂಪು ಕ್ರೀಮು ಕೈಗೆ ಕೊಟ್ಟು, ಕೊನೆ ದಿನ ಕೊನೇದಾಗಿ ಒಂದು ಸಲ ತಿದ್ದಿ ಅಂತ ಹೇಳೋಣ ಅಂದ್ಕೊಂಡಿದ್ವಿ. ಎಲ್ಲ ಹಾಳಾಯ್ತು."

ಕ್ರೀಮಣ್ಣ ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಮುಚ್ಚಲು ಹೋದ. ಹೆಡ್‌ಮಾಸ್ಟರು ಅವನ ತೋಳು ಹಿಡಿದರು. "ಒಂದಾದ್ರೂ ತಪ್ಪು ಮಾಡಪ್ಪ. ಬೇಡ್ಕೋತೀನಿ. ಬೇಗ."

ಅವನು ಒಂದು ಅಕ್ಷರ ಕೆರೆದು ಮತ್ತೆ ಬರೆದ. ಇ-ಎಸ್ ಬಂತು. ಇನ್ನೊಂದು ಕೆರೆದ. ಐ-ಇ-ಎಸ್ ಬಂತು, ಹಿಂದಿನದಕ್ಕಿಂತ ಅಂದವಾಗಿ. ಬೆಳಿಗ್ಗೆಯಿಂದ ಅಷ್ಟು ಸಲ ತಿದ್ದಿಸಿಕೊಂಡ ಕೈ ಈಗ ಎಷ್ಟು ಕೇಳಿಕೊಂಡರೂ ತಪ್ಪಲು ಒಪ್ಪಲಿಲ್ಲ. ಅಷ್ಟರಲ್ಲಿ ವಿಷಯ ತಿಳಿಯದ ಯಾರೋ ಬಂದು ಕೇಕನ್ನೂ ಕೆಂಪು ಕೊಳವೆಯನ್ನೂ ಎತ್ತಿಕೊಂಡು ಹೋಗಿಬಿಟ್ಟರು.

ಮೇಡಂ ತೆಳ್ಳಗಿನ, ನೆಟ್ಟಗೆ ನಿಲ್ಲುವ ಹೆಂಗಸು. ಅವರ ಕೈಗೆ ಕೆಂಪು ಕೊಳವೆ ಕೊಟ್ಟಾಗ ಅವರಿಗೆ ಥಟ್ಟನೆ ಅರ್ಥವಾಯಿತು. ಮುಖ ಅರಳಿತು. ಕನ್ನಡಕ ಏರಿಸಿ, ಕೊಳವೆಯನ್ನು ಪೆನ್ನಿನ ಹಾಗೆ ಹಿಡಿದು ಬಗ್ಗಿದರು. ಸಭೆ ಉಸಿರು ಬಿಗಿಹಿಡಿಯಿತು. ಮೇಡಂ ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು, ಒಂದೊಂದು ಬಾಲವನ್ನೂ ಪರೀಕ್ಷೆ ಮಾಡಿದರು. ಕೊಳವೆ ಮೆಲ್ಲಗೆ ಕೆಳಗಿಳಿಯಿತು.

"ಎಲ್ಲ ಸರಿಯಿದೆ," ಎಂದರು. ಕೊಳವೆಯನ್ನು ಮೇಜಿನ ಮೇಲಿಟ್ಟು, "ಇಷ್ಟು ವರ್ಷ ದಿನಾ ಸಂಜೆ ಇದನ್ನೇ ತಿದ್ದಿದ್ದೀನಿ. ಇವತ್ತು ನಂಗೆ ಮಾಡೋಕೆ ಏನೂ ಉಳಿದಿಲ್ಲ," ಎಂದರು. ಕೊನೆಯ ಮಾತಿಗೆ ಅವರ ಧ್ವನಿ ಒಡೆಯಿತು. ಇಡೀ ಶಾಲೆ ನೋಡುತ್ತಿದ್ದಂತೆ ಮೇಡಂ ಅತ್ತರು. ಮೊದಲು ಮೆಲ್ಲಗೆ, ಆಮೇಲೆ ಮೂಗು ಸೀಟುವಷ್ಟು.

ಅಳುತ್ತಲೇ ಅವರ ಕಣ್ಣು ಕೇಕಿನ ಕೊನೆಯ ಸಾಲಿನ ಮೇಲೆ ಬಿತ್ತು. ಅವರು ಯಾವತ್ತೂ ಅಳುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಮೇಡಂ ಕಣ್ಣೊರೆಸಿಕೊಂಡರು. "ಇಲ್ಲಿದೆ ತಪ್ಪು," ಎಂದು ಕೊಳವೆ ಎತ್ತಿ ನೆವರ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಎಳೆದರು. ಸಭಾಂಗಣ ಚಪ್ಪಾಳೆಯಿಂದ ನಡುಗಿತು.

ಕ್ರೀಮಣ್ಣ ಮುಂದೆ ಹೋಗಿ ಕೈಮುಗಿದು, "ಮೇಡಂ, ನಮ್ಮಂಗಡೀಲಿ ತಪ್ಪು ಹಿಡಿದವರೇ ಅದನ್ನ ತಿನ್ನಬೇಕು," ಎಂದ. ಇಡೀ ಬೀದಿಗೆ ಸಿಗದ ನೆವರ್ ಅನ್ನು ಮೇಡಂ ಚಮಚದಲ್ಲಿ ಎತ್ತಿಕೊಂಡು ಒಂದಕ್ಷರವನ್ನೂ ಬಿಡದೆ ತಿಂದರು. ಹೆಡ್‌ಮಾಸ್ಟರು ಕ್ರೀಮಣ್ಣನನ್ನು ತಬ್ಬಿಕೊಂಡು, ನಿಮ್ಮ ಯಜಮಾನರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದರು.

ಅವನು ಅಂಗಡಿಗೆ ಮರಳಿದಾಗ ಯಜಮಾನರು ಫೋನು ಕೆಳಗಿಡುತ್ತಿದ್ದರು. "ಹೆಡ್‌ಮಾಸ್ಟರು ಮಾತಾಡಿದ್ರು. ಬಹಳ ಖುಷಿಯಾಗಿದ್ರು," ಎಂದರು.

ಕ್ರೀಮಣ್ಣ ನಾಚಿಕೆಯಿಂದ ನೆಲ ನೋಡಿದ.

"ಕೇಕಲ್ಲಿ ಒಂದೇ ಒಂದು ತಪ್ಪಿತ್ತಂತೆ. ಮೇಡಂ ಅವರೇ ಎಲ್ಲರ ಮುಂದೆ ಕೆಂಪಲ್ಲಿ ಹೊಡೆದುಹಾಕಿದ್ರಂತೆ."

"ಯಜಮಾನ್ರೇ, ಅದು ಸ್ಪೆಲ್ಲಿಂಗ್ ತಪ್ಪಲ್ಲ. ಮೇಡಂ ಕೇಕು ಓದಿದ್ರು, ಓದಿ ಅತ್ತುಬಿಟ್ರು, ಅದಕ್ಕೇ..."

"ಓದಿದವರು ಅಳೋ ಹಾಗೆ ಬರೆದಿದ್ಯಾ?" ಎಂದರು ಯಜಮಾನರು.

ಅತ್ತೆಮ್ಮನಾದರೂ ಸಾಕ್ಷಿ ಹೇಳಿಯಾರು ಎಂದು ಅವನು ಗಲ್ಲಾಪೆಟ್ಟಿಗೆಯ ಕಡೆ ನೋಡಿದ. ಅವರು ಸಕ್ಕರೆ ಏರಿ ತಲೆ ತಿರುಗುತ್ತಿದೆಯೆಂದು ಒಳಗೆ ಮಲಗಿದ್ದರು. ಯಾಕೆ ಏರಿತೆಂದು ಯಾರಿಗೂ ಹೇಳಿರಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಭಟ್ಟಿಯವನು ಫ್ಯಾನಿನ ಕೆಳಗೆ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದ.

ಕ್ರೀಮಣ್ಣ ಹಿಂದಿನ ಕೋಣೆಗೆ ಹೋಗಿ ಬ್ರೆಡ್ಡಿನ ಒಲೆಯ ಬಾಗಿಲು ತೆರೆದ. ಬಿಸಿ ಮುಖಕ್ಕೆ ರಾಚಿತು, ಹುಬ್ಬು ಮುಟ್ಟಿ ನೋಡಿಕೊಂಡ. ಮೊದಲ ಸಾಲಿನ ಬ್ರೆಡ್ಡುಗಳನ್ನು ಹೊರಗೆಳೆದು ಇಡುತ್ತಿದ್ದಾಗ ಹಿಂಬಾಗಿಲು ಕಿರ್ ಎಂದಿತು. ದರ್ಜಿ ತಲೆ ಒಳಗೆ ಹಾಕಿದ, ಅವನ ಹೆಗಲ ಮೇಲಿನಿಂದ ಡಾಕ್ಟರು ಇಣುಕಿದರು.

"ಕ್ರೀಮಣ್ಣ," ಎಂದ ದರ್ಜಿ ಮೆಲ್ಲಗೆ, "ಆ ಕೊನೇ ಬ್ರೆಡ್ಡು ಸ್ವಲ್ಪ ಸೊಟ್ಟ ಇದೆಯಲ್ಲ?"